ಬಿಸಿಯಾದ ಗೋಡೆ

ನವಲಗುಂದದ ಶಂಕ್ರಪ್ಪನವರ ಚಾಳಿನಲ್ಲಿ ನಾಲ್ಕು ಮನೆ, ಕೆಳಗೆರಡು, ಮೇಲೆರಡು. ಅಂಗಳಕ್ಕೆಲ್ಲ ಸೇರಿ ಒಂದೇ ಪ್ಲಗ್ಗು. ಅದಿದ್ದ ಗೋಡೆಯ ಒಳಬದಿಯಲ್ಲಿ ಜಮಖಾನೆ ನೇಯುವ ಕೆಳಮನೆಯ ರಜಿಯಾಬಿ ನೂಲು ಒಟ್ಟುತ್ತಿದ್ದಳು.

ಚಾಳಿಗೆ ಮೊದಲ ಕರೆಂಟ್ ಗಾಡಿ, ಬ್ಯಾಟರಿಯ ಸ್ಕೂಟರು, ತಂದವನು ಮೇಲಿನ ಮನೆಯ ಈರೇಶ ಮಾಸ್ತರ. ದೀಪಾವಳಿಯ ಹೊತ್ತಿಗೆ ಅಂಥ ಗಾಡಿಗಳು ಮೂರಾದವು. ಸಂಜೆಯಾದರೆ ಎಕ್ಸ್‌ಟೆನ್ಶನ್ ಹಾಕಿ ಮೂರರ ಚಾರ್ಜರ್ ವೈರೂ ಅದೇ ಪ್ಲಗ್ಗಿಗೆ.

ಒಂದು ಸಂಜೆ ನೂಲು ತೆಗೆಯಲು ಹೋದ ರಜಿಯಾಬಿಯ ಕೈ ಗೋಡೆಗೆ ತಾಗಿತು. ಜ್ವರ ಬಂದ ಮೈಯಂತೆ ಸುಡುತ್ತಿತ್ತು.

"ಬಿಸಲಿಗೆ ಕಾದಿರಬೇಕ್ರಿ ಚಾಚಿ," ಎಂದ ಈರೇಶ.

"ಆ ಗ್ವಾಡಿಗೆ ಬಿಸಲು ಬೀಳೂದ ಇಲ್ಲಪಾ."

ಅವನು ನಕ್ಕು ಮೇಲೆ ಹೋದ. ಅವಳೇ ವೈರಮನ್ ಶರೀಫಸಾಬನನ್ನು ಕರೆಸಿದಳು. ಅವನು ಬೋರ್ಡು ಬಿಚ್ಚಿದರೆ ಒಳಗೆಲ್ಲ ಕರಿ.

"ಬರೇ ಒಂದ ಬಲ್ಬಿಗೆ ಹಾಕಿದ ವೈರ್ ಇದು," ಎಂದ ಅವನು ಮಾಲಕರಿಗೆ. "ಒಬ್ಬೊಬ್ಬರ ಮೀಟರಿನಿಂದ ಬ್ಯಾರೆ ದಪ್ಪ ವೈರ್ ಎಳಸ್ರಿ, ಅರ್ಥಿಂಗ್ ಕೊಡಸ್ರಿ. ಅಲ್ಲೀಮಟಾ ಯಾರೂ ಗಾಡಿ ಚಾರ್ಜಿಗೆ ಹಚ್ಚಬ್ಯಾಡ್ರಿ."

"ಮಾಡಸೂಣು," ಎಂದರು ಶಂಕ್ರಪ್ಪನವರು. ಮೂರು ವಾರ ಕಳೆದವು. ಯಾರೂ ಹಚ್ಚುವುದನ್ನು ಬಿಡಲಿಲ್ಲ.

ಗುರುವಾರ, ಹೊತ್ತು ಮುಳುಗುವಾಗ, ರಜಿಯಾಬಿಗೆ ರಬ್ಬರು ಸುಟ್ಟ ವಾಸನೆ ಬಂತು. ತಿರುಗಿ ನೋಡಿದರೆ ನೂಲಿನ ರಾಶಿಯಿಂದ ಹೊಗೆ. ಪಕ್ಕದಲ್ಲೇ ಮೊಮ್ಮಗಳು ಮಲಗಿದ್ದಳು. ಮಗುವನ್ನು ಎಳೆದುಕೊಂಡು ಹೊರಗೋಡಿ, ಒಣ ಬಡಿಗೆಯಿಂದ ಮೇನ್ ಸ್ವಿಚ್ಚನ್ನು ಕೆಳಗೆ ಜಗ್ಗಿದಳು. ನೆರೆಯವರು ಕೂಡಿ ಮರಳು ಎರಚಿದರು. ಮರುದಿನ ಶರೀಫಸಾಬ ಗೋಡೆ ಒಡೆದಾಗ ವೈರಿನ ಹೊದಿಕೆ ಉದ್ದಕ್ಕೂ ಕರಗಿಹೋಗಿತ್ತು. ಹೊಸ ವೈರು ಬರುವತನಕ ಅಂಗಳದಲ್ಲಿ ಯಾರೂ ಗಾಡಿ ಹಚ್ಚಬಾರದೆಂದು ಮಾತಾಯಿತು.

ಎರಡು ದಿನ ರಜಿಯಾಬಿ ನೆಮ್ಮದಿಯಾಗಿದ್ದಳು. ಮೂರನೆಯ ಸಂಜೆ ಈರೇಶ ಗಾಡಿಯ ಸೀಟೆತ್ತಿ, ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತತೊಡಗಿದ.

"ಎಲ್ಲಿಗೆ ಒಯ್ತೀಪಾ ಅದನ್ನ?"

"ಮನಿಯಾಗ ಹಚ್ಚತೇನ್ರಿ ಚಾಚಿ. ನಿಮ್ಮ ಗ್ವಾಡಿಗೆ ಇನ್ನ ತ್ರಾಸಿಲ್ಲ."

"ಮನಿಯಾಗ ಎಲ್ಲೆ?"

"ಮಲಗೂ ಕಾಟಿನ ಬಾಜು. ಅಲ್ಲೇ ಒಂದ ಪ್ಲಗ್ ಐತಿ."

"ರಾತ್ರಿ ಬ್ಯಾಟರಿಗೆ ಬೆಂಕಿ ಹತ್ತಿದರ? ಶರೀಫಸಾಬಗ ಕೇಳಿದೇನು?"

"ಅದರಾಗ ಕೇಳೂದೇನೈತ್ರಿ? ಮೊಬೈಲ್ ಹಚ್ಚಿದಂಗ."

ಅವನ ಹಿಂದೆಯೇ ಮೇಲಿನ ಇನ್ನೊಂದು ಮನೆಯವನೂ ತನ್ನ ಬ್ಯಾಟರಿ ಹೊತ್ತು ಹತ್ತಿದ. ಅಡ್ಡ ನಿಲ್ಲಲು ಅವಳಿಗೆ ಧೈರ್ಯ ಸಾಲಲಿಲ್ಲ. ಒಳಗೆ ಬಂದು ನಿಂತಳು. ಜಂತಿಯ ಮೇಲಿನಿಂದ ಚಾರ್ಜರಿನ ಗುಂಯ್ ಎಂಬ ಸಣ್ಣ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ, ಇನ್ನೊಂದು. ರಜಿಯಾಬಿ ಮೊಮ್ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು.

"ಒಳಗ್ಯಾಕ ಬ್ಯಾಡ, ದಾದಿ?" ಎಂದಿತು ಮಗು.

ಅವಳು ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಮೇಲಿನ ಕಿಟಕಿಯನ್ನೇ ನೋಡುತ್ತ ಕೂತಳು.