ಪುತಳಾಬಾಯಿ ಕೊಟ್ಟ ಮಾತು

ದೇವರ ಸೇವೆಗೆ ಹೋಗುತ್ತೇನೆ ಎಂದು ಬರುವ ಕಾಲೇಜು ಹುಡುಗರನ್ನು ದತ್ತಪ್ಪ ಪಾಸ್ಟರು ಸುಲಭಕ್ಕೆ ನಂಬುವವರಲ್ಲ. ಕಲಬುರಗಿಯ ಜಗತ್ ಸರ್ಕಲ್ಲಿನ ಹಿಂದಿನ ಗಲ್ಲಿಯ ತಮ್ಮ ಚರ್ಚಿನಲ್ಲಿ ಶನಿವಾರ ಶನಿವಾರ ಅಂಥವರನ್ನು ಕೂಡಿಸಿಕೊಂಡು, ಚಹಾ ಕುಡಿಸಿ, ಎದೆಯೊಳಗೆ ಏನಿದೆ ಎಂದು ಕೆದಕುತ್ತಿದ್ದರು. ನೌಕರಿ ಸಿಗದವರು, ಮೈಕಿನ ಹುಚ್ಚಿನವರು ಒಂದೆರಡು ಪ್ರಶ್ನೆಗೇ ಉದುರಿಹೋಗುತ್ತಿದ್ದರು. ಬಿ.ಎಸ್ಸಿ. ಕೊನೆಯ ವರ್ಷದ ವಿಶ್ವಾಸ ಮಾತ್ರ ಉದುರಲಿಲ್ಲ. ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಡುತ್ತಿದ್ದ. ನಾಳೆ ಭಾನುವಾರ ಅವನನ್ನು ಸಭೆಯ ಮುಂದೆ ನಿಲ್ಲಿಸಿ, ಇವನನ್ನು ಪಾಸ್ಟರ್ ಓದಿಗೆ ಸೆಮಿನರಿಗೆ ಕಳಿಸುತ್ತೇವೆ ಎಂದು ಸಾರುವುದಷ್ಟೇ ಬಾಕಿ.

ಚಹಾ ಲೋಟ ಕೆಳಗಿಡುತ್ತ ಪಾಸ್ಟರು ಸುಮ್ಮನೆ ಕೇಳಿದರು. “ಅಲ್ಲೋ ವಿಶ್ವಾಸ, ದೇವರೇ ‘ನೀ ಬ್ಯಾಡ, ಮನೀಗಿ ಹೋಗು’ ಅಂದ್ರ ಏನ್ ಮಾಡ್ತಿ?”

“ಭಾಳ ಖುಷಿ ಆಗ್ತದ್ರಿ,” ಎಂದುಬಿಟ್ಟ ಹುಡುಗ. ಅಂದ ಮೇಲೆ ಅವನ ಮುಖ ಬಿಳಿಚಿಕೊಂಡಿತು.

ಆಮೇಲೆ ಒಂದೊಂದೇ ಹೊರಬಂತು. ಹುಟ್ಟಿದಾಗ ಅವನು ಅತ್ತಿರಲಿಲ್ಲ, ಮೈ ನೀಲಿಗಟ್ಟಿತ್ತು. ‘ಇವನನ್ನು ಉಳಿಸು, ನಿನ್ನ ಸೇವೆಗೇ ಕೊಡುತ್ತೇನೆ’ ಎಂದು ತಾಯಿ ಪುತಳಾಬಾಯಿ ದೇವರಿಗೆ ಮಾತು ಕೊಟ್ಟಿದ್ದಳು. ಪ್ರತಿ ವರ್ಷ ಚರ್ಚಿನ ಸುಗ್ಗಿ ಹಬ್ಬದಲ್ಲಿ ತಮ್ಮೂರು ಕಮಲಾಪುರದ ಸಭೆಯೆದುರು ಎದ್ದು ನಿಂತು ಅದನ್ನೇ ಹೇಳುತ್ತಿದ್ದಳು. ವಿಶ್ವಾಸನಿಗೆ ಬೇಕಾಗಿದ್ದು ಕೆಮಿಸ್ಟ್ರಿ ಎಂ.ಎಸ್ಸಿ. ಒಮ್ಮೆ ಆ ಮಾತು ಎತ್ತಿದ ದಿನವೇ ತಾಯಿ ಎದೆ ಹಿಡಿದುಕೊಂಡು ಕುಸಿದಿದ್ದಳು.

“ನಾ ಒಲ್ಲೆ ಅಂದ್ರ ದೇವರು ನಮ್ಮವ್ವಗ ಒಯ್ದುಬಿಡ್ತಾನ್ರಿ ಅಯ್ಯನವರ,” ಎಂದ.

ದತ್ತಪ್ಪನವರು ಲೆಕ್ಕ ಹಾಕಿದರು. ನಾಳೆ ಇವನನ್ನು ನಿಲ್ಲಿಸಿದರೆ ಹೆದರಿಕೆಗೆ ಒಂದು ಜೀವ ಬಲಿ ಕೊಟ್ಟಂತೆ. ನಿಲ್ಲಿಸದೆ, ಆ ತಾಯಿಯ ಎದೆ ನಿಜಕ್ಕೂ ನಿಂತುಬಿಟ್ಟರೆ? ಹುಡುಗ ಬದುಕಿರುವವರೆಗೂ ತಾನೇ ಕೊಂದೆ ಎಂದುಕೊಳ್ಳುತ್ತಾನೆ. “ನಡಿ ಕಮಲಾಪುರಕ್ಕ. ಅವ್ವಗ ನಾನೇ ಹೇಳ್ತೀನಿ,” ಎಂದು ಎದ್ದರು. ಧೈರ್ಯ ಬಂದು ಎದ್ದದ್ದಲ್ಲ. ಇನ್ನಷ್ಟು ಹೊತ್ತು ಕೂತರೆ ಇದ್ದದ್ದೂ ಹೋದೀತೆಂದು ಎದ್ದದ್ದು.

ಪುತಳಾಬಾಯಿ ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ತಂದಿಟ್ಟು, ನಾಳೆಗೆಂದು ಇಸ್ತ್ರಿ ಮಾಡಿಸಿದ ಸೀರೆಯನ್ನು ಸಂಭ್ರಮದಿಂದ ತೋರಿಸಿದಳು. ಪಾಸ್ಟರು ಅಳುಕುತ್ತಲೇ ವಿಷಯ ಹೇಳಿದರು. ಅವಳು ಎದೆ ಹಿಡಿದುಕೊಳ್ಳಲಿಲ್ಲ, ಮಗನ ತೋಳು ಹಿಡಿದುಕೊಂಡಳು.

“ಹಂಗ ಅನ್ನಬ್ಯಾಡ್ರಿ ಅಯ್ಯನವರ. ಮಾತು ತಪ್ಪಿದ್ರ ದೇವರು ಕೊಟ್ಟ ಕೂಸಿಗೆ ವಾಪಸ್ ಒಯ್ತಾನ್ರಿ. ಇಂವ ಬರೂದು ತಡ ಆದ್ರ ನನ್ನ ಜೀವ ಹಾರ್ತದ. ಮಾತು ಕೊಟ್ಟ ದಿನದಿಂದ ನಾ ಕಣ್ಣ ತುಂಬ ನಿದ್ದಿ ಮಾಡಿಲ್ರಿ.”

ವಿಶ್ವಾಸ ತಾಯಿಯನ್ನು ದಿಟ್ಟಿಸಿ ನೋಡಿದ. ಅವನಿಗೆ ತಾಯಿಯ ಜೀವದ ಭಯ, ತಾಯಿಗೆ ಅವನ ಜೀವದ ಭಯ. ಒಂದೇ ಸೂರಿನಡಿ ಇದ್ದು ಒಬ್ಬರಿಗೊಬ್ಬರು ಬಾಯಿ ಬಿಟ್ಟಿರಲಿಲ್ಲ.

ಪಾಸ್ಟರು ವಚನ ತೆಗೆದು ಓದಿದರು, ದೇವರು ಅಂಥವನಲ್ಲ ಎಂದು ತಿಳಿಹೇಳಿದರು. ಎಲ್ಲವೂ ಗೋರ್ಕಲ್ಲ ಮೇಲೆ ಮಳೆ ಗರೆದಂತಾಯಿತು. ಕಡೆಗೆ ಅವರಿಗೆ ಸಿಟ್ಟು ನೆತ್ತಿಗೇರಿತು. “ಆತು ಬಿಡವ್ವ! ಇವನಿಗಿ ಕಳಸಂಗಿಲ್ಲ ಅಂತ ಅನ್ನಾಕತ್ತಂವ ನಾನು. ಪಾಪ ನಂದು. ಒಯ್ಯೂದಿದ್ರ ದೇವರು ನನ್ನ ಮನೀಗೇ ಬರಲಿ!”

ಪುತಳಾಬಾಯಿ ಬೆಚ್ಚಿಬಿದ್ದಳು. “ನಿಮಗ ಮಕ್ಕಳೆಷ್ಟ್ರಿ?”

“ಒಬ್ಬಾಕೀನೇ ಮಗಳು. ಸುವಾರ್ತಾ.”

“ಬಿಡ್ತು ಅನ್ರಿ! ಮೊದಲ ಬಿಡ್ತು ಅನ್ರಿ! ನಾ ಆಡಿದ ಮಾತಿಗೆ ಆ ಹುಡುಗಿಗ್ಯಾಕ ಒಯ್ತಾನ? ಅಂಥಾ ದೇವರಿದ್ರ...” ಎಂದವಳು ಅಲ್ಲೇ ನಿಂತಳು. ತಾನು ಆಡಿದ್ದು ತನ್ನ ಕಿವಿಗೇ ಆಗ ಬಿದ್ದಿತ್ತು. “ಅಂಥಾ ದೇವರಿದ್ರ ಮಗನಿಗಲ್ಲ, ಒಂದು ಕೋಳಿ ಮರೀನೂ ಕೊಡಂಗಿಲ್ಲ ನಾ,” ಎಂದು ಸೆರಗು ಬಾಯಿಗಿಟ್ಟು ಅತ್ತಳು. ಅತ್ತು ಹಗುರಾಗಿ ಮಗನ ತಲೆ ಸವರಿದಳು. “ನಿನಗ ಬೇಕಾದ್ದು ಓದು ಹೋಗಪ್ಪ. ಅಂಜಿಕಿ ಇನ್ನಾ ಅದ. ಇರ್ಲಿ, ನಾ ನೋಡ್ಕೋತೀನಿ.”

ಸಂಜೆ ಪಾಸ್ಟರು ಕಲಬುರಗಿಯ ಬಸ್ಸು ಹಿಡಿದರು; ಅವರನ್ನು ಮನೆ ಮುಟ್ಟಿಸಿ ಬರಲು ವಿಶ್ವಾಸನೂ ಹತ್ತಿದ. ಮಹಾಗಾಂವ ದಾಟುವಾಗ ಪಾಸ್ಟರಿಗೆ ನೆನಪಾಯಿತು. ಸುವಾರ್ತಾ ನಂದೂರಿನ ಬೇಳೆ ಮಿಲ್ಲಿನ ಕೆಲಸ ಮುಗಿಸಿ, ಲಾರಿಗಳ ನಡುವೆ ಸ್ಕೂಟಿಯ ಮೇಲೆ ಮನೆಗೆ ಬರುವ ಹೊತ್ತು ಇದೇ. ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ. ‘ತಂದೆಯೇ, ಸಿಟ್ಟಿನಲ್ಲಿ ಅಂದೆ, ಮರೆತುಬಿಡು, ಅವಳನ್ನು ಮುಟ್ಟಬೇಡ’ ಎಂದು ಒಳಗೊಳಗೇ ಗೋಗರೆದರು. ಎಷ್ಟೋ ಹುಡುಗರಿಗೆ ಪಾಠ ಹೇಳಿದ ದೊಡ್ಡ ಮನುಷ್ಯ!

ವಿಶ್ವಾಸ ಪಕ್ಕದ ಸೀಟಿನಿಂದ ಇದನ್ನೆಲ್ಲ ನೋಡುತ್ತಿದ್ದ. ಏನೂ ಆಗುವುದಿಲ್ಲ ಎಂದು ಹೇಳಲಿಲ್ಲ, ವಚನವನ್ನೂ ಹೇಳಲಿಲ್ಲ. ಅವರ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. “ಎತ್ತಲಿಲ್ಲಂದ್ರ ಸೀದಾ ನಂದೂರಿಗೇ ಹೋಗೂಣ್ರಿ. ನಾ ನಿಮ್ ಜೋಡಿ ಬರ್ತೀನಿ,” ಎಂದು ಇನ್ನೊಂದು ಕೈಯಿಂದ ತಾನೇ ಫೋನ್ ಹಚ್ಚಿ ಅವರ ಕಿವಿಗೆ ಹಿಡಿದ.

“ಏನಪ್ಪಾ? ಗಾಡಿ ಮ್ಯಾಲ ಇದ್ದೆ, ಈಗ ಮನಿ ಮುಟ್ಟಿದೆ,” ಎಂದಿತು ಮಗಳ ದನಿ.

ದತ್ತಪ್ಪನವರು ಬಸ್ಸಿನಲ್ಲಿ ಎಲ್ಲರೆದುರೇ ಬಿಕ್ಕಿದರು. ಹುಡುಗ ಇನ್ನೂ ಕೈ ಬಿಟ್ಟಿರಲಿಲ್ಲ. ಇಷ್ಟು ವರ್ಷ ಅಷ್ಟೊಂದು ಹುಡುಗರಲ್ಲಿ ತಾವು ಹುಡುಕಿದ್ದು ಇಂಥದೇ ಕೈಯನ್ನು ಎಂದು ಅವರಿಗೆ ಹೊಳೆಯಿತು. ಹೇಳಲೆಂದು ಬಾಯಿ ತೆರೆದರು. ಹೇಳಿದರೆ ಸೇವೆಗೆ ಹೋಗಲೇಬೇಕೇನೋ ಎಂದು ಇವನು ಮತ್ತೆ ಹೆದರುತ್ತಾನೆ.

“ಆ ಎಂ.ಎಸ್ಸಿ. ಅರ್ಜಿ ಯಾವಾಗ ಹಾಕ್ತೀಯೋ?” ಎಂದಷ್ಟೇ ಕೇಳಿದರು.