ನೂರಾ ಐವತ್ತೊಂಬತ್ತು

ನಾಟಕ ಕಾಲೇಜಿನ ರಂಗವಿನ್ಯಾಸ ವಿಭಾಗದ ಮರಗೆಲಸದ ಕೋಣೆಯಲ್ಲಿ ಇದ್ದದ್ದು ಒಂದೇ ಕಾನೂನು: ಗೆರೆ ಅಳೆಯಬೇಡ, ಅಂಕಿ ಓದು. ನಕ್ಷೆಯ ಗೆರೆ ಒಂದು ಕೂದಲೆಳೆ ಆಚೀಚೆ ಆಗಬಹುದು. ಪಕ್ಕದಲ್ಲಿ ಬರೆದ ಅಂಕಿ ಹೇಳಿದಷ್ಟೇ ಮರ ಕೊಯ್ಯಬೇಕು. ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಬಡಗಿಯಾಗಿದ್ದ ಟೇಪು ಮಾವ ಈ ಕಾನೂನನ್ನು ಒಮ್ಮೆಯೂ ಮುರಿದವನಲ್ಲ. ಸೊಂಟದಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದರಿಂದ ಅವನಿಗೆ ಆ ಹೆಸರು. ವಿದ್ಯಾರ್ಥಿಗಳು ಮೂರು ಕಾಲಿನ ಕುರ್ಚಿ ಬರೆದು ಕೊಟ್ಟರೂ, ಓದಿದ ಮಕ್ಕಳು, ಏನೋ ಯೋಚನೆ ಇದ್ದೀತು ಎಂದುಕೊಂಡು ಮೂರೇ ಕಾಲು ಹಚ್ಚುತ್ತಿದ್ದ.

ನಮ್ಮ ಹುಡುಗಿ ಅಲ್ಲಿ ಮೂರನೇ ವರ್ಷದವಳು. ಮನೆಯಲ್ಲಿ ಪುಟ್ಟಿ, ವಿಭಾಗದಲ್ಲಿ, ಬೆನ್ನ ಹಿಂದೆ, 'ಮಿಲಿಮೀಟರ್'. ಅದು ಹೊಗಳಿಕೆಯೂ ಹೌದು, ಬೈಗುಳವೂ ಹೌದು. ಸಹಪಾಠಿಯೊಬ್ಬ ಮಾಡಿಸಿದ ಮೇಜು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡ ದಿನ, ಅಳತೆ ಬರದವರು ಚಿತ್ರ ಬರೆದುಕೊಂಡು ಮನೆಯಲ್ಲಿರಬೇಕು ಎಂದು ಎಲ್ಲರೆದುರು ನಕ್ಕಿದ್ದಳು. ದೊಡ್ಡ ಮಾತಾಡುವವರಿಗೆ ದೇವರು ಎಲ್ಲೋ ಒಂದು ಚಿಕ್ಕ ಬಾಗಿಲು ಇಟ್ಟೇ ಇರುತ್ತಾನೆ.

ಪರೀಕ್ಷೆಯ ನಾಟಕಕ್ಕೆ ಅವಳು ಒಂದು ಮನೆಯನ್ನು ವಿನ್ಯಾಸ ಮಾಡಿದ್ದಳು. ರಟ್ಟಿನ ಮಾದರಿಯಲ್ಲಿ ಬಾಗಿಲು ಸರಿಯಾಗಿಯೇ ಇತ್ತು, ನಕ್ಷೆಯ ಗೆರೆಯೂ ಸರಿಯಾಗಿತ್ತು. ಅಂಕಿ ಮಾತ್ರ, ನೂರಾ ತೊಂಬತ್ತೈದು ಸೆಂಟಿಮೀಟರ್ ಇರಬೇಕಾದಲ್ಲಿ, ನೂರಾ ಐವತ್ತೊಂಬತ್ತು. ಟೇಪು ಮಾವ ಗೆರೆ ಅಳೆಯಲಿಲ್ಲ, ಅಂಕಿ ಓದಿದ.

ಪ್ರದರ್ಶನದ ದಿನ ಬೆಳಿಗ್ಗೆ ಆ ಬಾಗಿಲು ರಂಗದ ಮೇಲೆ ನಿಂತಾಗ ಅದು ಅವಳ ತಲೆಯ ಮಟ್ಟಕ್ಕಷ್ಟೇ ಬಂತು. ಮರಗೆಲಸದ ಕೋಣೆಗೆ ಓಡಿಹೋಗಿ ಗೋಡೆಯ ಮೇಲಿದ್ದ ನಕ್ಷೆ ನೋಡಿದಳು. ತಪ್ಪು ಅವಳದೇ ಕೈಬರಹದಲ್ಲಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಐದು, ಒಂಬತ್ತನ್ನು ರಬ್ಬರಿನಿಂದ ಉಜ್ಜಿ, ಒಂಬತ್ತು, ಐದು ಎಂದು ಬರೆದಳು. ಮಾವನಿಗೆ ಹೇಳಿಬಿಡಬೇಕು ಎಂದೇ ಅಂದುಕೊಂಡಿದ್ದಳು. ಹಾಗಂತ ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು. ಅಷ್ಟರಲ್ಲಿ ರಂಗದ ಕಡೆಯಿಂದ ಧಡ್ ಎಂದು ಸದ್ದು ಬಂತು. ನಾಯಕನ ಪಾತ್ರದವನು ಬಾಗಿಲಿಗೆ ತಲೆ ಬಡಿಸಿಕೊಂಡು ಹಣೆ ಹಿಡಿದು ಕೂತಿದ್ದ.

ವಿಭಾಗದ ಮೇಷ್ಟ್ರು ನಕ್ಷೆ ತರಿಸಿದರು. ಎಲ್ಲರೂ ಸುತ್ತ ನಿಂತರು. ಮಾವ ಕನ್ನಡಕ ಒರೆಸಿಕೊಂಡು ಓದಿದ, ದೀಪದ ಕೆಳಗೆ ಹಿಡಿದು ಇನ್ನೊಮ್ಮೆ ಓದಿದ. ಪುಟ್ಟಿಯ ಕೈ ತಾನಾಗಿಯೇ ಜೇಬಿನಲ್ಲಿದ್ದ ರಬ್ಬರನ್ನು ಮುಟ್ಟಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಅವಳ ಕಡೆ ಯಾರೂ ನೋಡುತ್ತಿರಲಿಲ್ಲ.

"ನಂದೇ ತಪ್ಪು ಮೇಷ್ಟ್ರೇ," ಎಂದ ಮಾವ. "ಹಿಂದುಮುಂದಾಗಿ ಓದ್ಬಿಟ್ಟಿದೀನಿ."

ಅವಳು ರಬ್ಬರನ್ನು ಜೇಬಿನ ಇನ್ನೂ ಒಳಕ್ಕೆ ತಳ್ಳಿದಳು.

ಬಾಗಿಲು ಬದಲಿಸಲು ಹೊತ್ತಿರಲಿಲ್ಲ. ಎಲ್ಲರೂ ಬಗ್ಗಿಯೇ ಒಳಗೆ ಬರಲಿ ಎಂದಳು ನಿರ್ದೇಶಕಿ. ಸಂಜೆ ಆದದ್ದೇ ಬೇರೆ. ಜಂಬದ ನಾಯಕ ಆ ಮನೆಗೆ ಪ್ರತಿ ಸಲವೂ ತಲೆ ತಗ್ಗಿಸಿಯೇ ಬರುವುದನ್ನು ಕಂಡು ಜನ ಚಪ್ಪಾಳೆ ತಟ್ಟಿದರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಬಾಗಿಲನ್ನೇ ಹಾಡಿ ಹೊಗಳಿ, ಈ ಯೋಚನೆ ನಿನ್ನದೇನಮ್ಮ ಎಂದು ಕೇಳಿದರು. ಮೇಷ್ಟ್ರು ಹತ್ತಿರದಲ್ಲಿರಲಿಲ್ಲ. ಅವಳು ಹೌದೆಂದಳು. ತಪ್ಪು ಮಾವನದಾಯಿತು, ಯೋಚನೆ ಅವಳದಾಯಿತು. ಅಮ್ಮ ಚಿಕ್ಕಮ್ಮಂದಿರಿಗೆಲ್ಲ ಫೋನ್ ಮಾಡಿ ಸುದ್ದಿ ಮುಟ್ಟಿಸಿದಳು. ಪುಟ್ಟಿಗೆ ಮಾತ್ರ ತನ್ನ ಮೇಲೆ ತನಗೇ ಹೇಸಿಗೆಯಾಯಿತು; ತಲೆ ಬಾಚಿಕೊಳ್ಳುವಾಗಲೂ ಕನ್ನಡಿ ನೋಡಲು ನಾಚಿಕೆಯಾಯಿತು.

ಮುಂದಿನ ವಾರ ಹೊಸ ನಕ್ಷೆ ಹಿಡಿದು ಹೋದಾಗ ಮಾವ ಗರಗಸ ಮುಟ್ಟದೆ ಹಲಗೆಯ ಮುಂದೆ ನಿಂತಿದ್ದ. ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳಲು ಅವಳನ್ನು ಕೇಳಿಕೊಂಡ. ಅವಳು ಓದಿದಳು. ಅವನು ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡ, ಇನ್ನೊಮ್ಮೆ ಓದಿಸಿದ, ಟೇಪು ಹಿಡಿದ, ಮೂರನೇ ಸಲವೂ ಓದಿಸಿದ. ಏನಾದರೂ ಮಾತಾಡಬೇಕಲ್ಲ ಎಂದು, ಕಣ್ಣು ತೋರಿಸಿದ್ರಾ ಅಂತ ಕೇಳಿದಳು.

"ತೋರಿಸ್ದೆ. ಕಣ್ಣಲ್ಲಿ ಏನೂ ಇಲ್ವಂತೆ." ಅವನು ಟೇಪನ್ನು ಎಳೆದ, ಬಿಟ್ಟ. "ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು ಮಗಳೇ. ಮೊದ್ಲು ಅಂಕಿ ತಪ್ತು. ಆಮೇಲೆ ಮನೆ ದಾರಿ. ಕೊನೆಗೆ ನನ್ನನ್ನೇ ನೀನ್ಯಾರು ಅಂತ ಕೇಳ್ತಿದ್ಲು. ಈ ತಿಂಗಳು ಮುಗೀಲಿ, ಗರಗಸ ಬಿಟ್ಬಿಡ್ತೀನಿ. ಮಕ್ಕಳು ಓಡಾಡೋ ಜಾಗ ಇದು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಭೂಮಿ ಹಾಗೆಲ್ಲ ಬಾಯಿ ಬಿಡುವುದಿಲ್ಲ. ಬಾಯಿ ಬಿಡಬೇಕಾದವಳು ಅವಳೇ.

"ಮಾವ, ನೀವು ಸರಿಯಾಗೇ ಓದಿದ್ರಿ," ಎಂದಳು. "ನಾನು ಬರೆದಿದ್ದೇ ನೂರಾ ಐವತ್ತೊಂಬತ್ತು. ಆಮೇಲೆ ನಾನೇ ಅಳಿಸಿ ತಿದ್ದಿದೆ."

ಹಳೆಯ ನಕ್ಷೆ ಮೂಲೆಯ ಕಪಾಟಿನ ಮೇಲಿತ್ತು. ಮಾವ ಅದನ್ನು ತಂದು ಕಿಟಕಿಯ ಬೆಳಕಿಗೆ ಹಿಡಿದ. ಉಜ್ಜಿದ ಕಡೆ ಕಾಗದ ತೆಳ್ಳಗಾಗಿತ್ತು. ಒತ್ತಿ ಬರೆದಿದ್ದ ಐದರ ಗುರುತು ಒಂಬತ್ತರ ಕೆಳಗೆ ಹಾಗೇ ಕಾಣುತ್ತಿತ್ತು. ಬಹಳ ಹೊತ್ತು ನೋಡಿದ. ಅವಳು ಬೈಗುಳಕ್ಕೆ ಕಾದಳು. ಕಪಾಳಕ್ಕೆ ಎರಡು ಬಿಟ್ಟಿದ್ದರೂ ಸಮಾಧಾನವಾಗುತ್ತಿತ್ತು.

ಅವನು ಬೈಯಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ಬಾಗಿಲ ಬಳಿ ಹೋಗಿ, ಹೆಂಡತಿಗೆ ಫೋನ್ ಮಾಡಿದ.

"ನಂಗೇನೂ ಆಗಿಲ್ಲ ಕಣೇ," ಎಂದ. "ಅಳ್ಬೇಡ, ನನ್ ತಲೆ ಸರಿಯಾಗೇ ಇದೆ. ಇಲ್ಲಿ ಯಾವುದೋ ಮಗು ಅಂಕಿ ತಪ್ಪು ಬರ್ದಿತ್ತು, ಅಷ್ಟೇ."

ಅವನು ಅವಳ ಹೆಸರನ್ನೂ ಹೇಳಲಿಲ್ಲ. ಅದನ್ನು ಕೇಳಿಸಿಕೊಂಡು ಅಲ್ಲಿ ನಿಲ್ಲಲು ಅವಳಿಂದ ಆಗಲಿಲ್ಲ. ಹಳೆಯ ನಕ್ಷೆಯನ್ನು ಸುತ್ತಿ ಹಿಡಿದು ಮೇಷ್ಟ್ರ ಕೋಣೆಗೆ ನಡೆದಳು. ಆ ಕೋಣೆಯ ಬಾಗಿಲು ಬೇಕಾದಷ್ಟು ಎತ್ತರವಿತ್ತು. ಅವಳು ತಲೆ ತಗ್ಗಿಸಿಯೇ ಒಳಗೆ ಹೋದಳು.