ಹನ್ನೊಂದು ನೂರು ಬಾಕ್ಸ್ ದ್ರಾಕ್ಷಿ

ಢಾಕಾದ ವ್ಯಾಪಾರಿ ರಫೀಕುಲ್ ಚಾಚಾ ಜನವರಿಯಲ್ಲೇ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಬಂಗಾಳಿ ಬೆರೆತ ಅವರ ಹಿಂದಿ ಸೌಂದರ್ಯಾಳಿಗೆ ಈಗ ರೂಢಿಯಾಗಿತ್ತು.

"ಬೇಟಿ, ನಿಮ್ಮ ಹಣ್ಣು ಸಿಹಿ, ಒಪ್ಪಿದೆ. ಆದರೆ ಇಲ್ಲಿ ಸುಂಕ ಹಾಕುವಾಗ ಪ್ಲಾಸ್ಟಿಕ್ ಕ್ರೇಟನ್ನೂ ತೂಗುತ್ತಾರೆ. ಎರಡು ಕಿಲೋ ಕ್ರೇಟಿಗೂ ನಾನು ದ್ರಾಕ್ಷಿಯ ಸುಂಕ ಕಟ್ಟಬೇಕು. ಹಡಗಿನಲ್ಲಿ ಬರುವ ಬೇರೆ ದೇಶದ ಹಣ್ಣು ಹಗುರ ಬಾಕ್ಸಿನಲ್ಲಿ ಬರುತ್ತದೆ. ಹೀಗೇ ಆದರೆ ಈ ರಂಜಾನಿಗೆ ಕಾಗವಾಡದ ಮಾಲು ನನಗೆ ಗಿಟ್ಟುವುದಿಲ್ಲ."

ಕಾಗವಾಡದ ಬಾಬಾಸಾಹೇಬರ ತೋಟದ ಹಣ್ಣು ಹನ್ನೆರಡು ವರ್ಷದಿಂದ ಆ ಒಬ್ಬರಿಗೇ ಹೋಗುತ್ತಿತ್ತು. ಸೊಸೆಯಾಗಿ ಬಂದ ಸೌಂದರ್ಯಾ ಮೊದಲು ಪ್ಯಾಕಿಂಗ್ ನೋಡಿಕೊಂಡು, ಆಮೇಲೆ ಗಾಡಿ, ಕಾಗದಪತ್ರ, ಮಾತುಕತೆ ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡಿದ್ದಳು. ಅವಳು ಮಿರಜ್‌ನ ಬಾಕ್ಸ್ ಮಾಡುವವನ ಹತ್ತಿರ ನಾಲ್ಕು ಸಲ ಓಡಾಡಿ, ಗಾಳಿಗೆ ತೂತು ಕೊರೆದ ರಟ್ಟಿನ ಬಾಕ್ಸ್ ಮಾಡಿಸಿದಳು. ಹತ್ತು ಕಿಲೋ ಹಣ್ಣು ಹಿಡಿದರೂ ಬಾಕ್ಸಿನ ತೂಕ ಅರ್ಧ ಕಿಲೋ ದಾಟುತ್ತಿರಲಿಲ್ಲ. ಅದನ್ನು ಕೇಳಿದ ರಫೀಕುಲ್, ಮೊದಲ ಗಾಡಿ ನೆಟ್ಟಗೆ ಬಂದರೆ ಮುಂದೆ ಐದು ಗಾಡಿ ತಗೊಳ್ಳುತ್ತೇನೆ ಎಂದರು.

ಮಾವ ಬಾಬಾಸಾಹೇಬರು ಬಾಕ್ಸನ್ನು ಬೆರಳಿನಿಂದ ಒತ್ತಿ ನೋಡಿದರು. "ಕಾಗದದಾಗ ದ್ರಾಕ್ಷಿ ತುಂಬಿ ಎರಡ ಸಾವಿರ ಕಿಲೋಮೀಟರ್ ಕಳಸ್ತೀಯೇನವಾ? ಹಸಿ ಆದ್ರ ಏನ ಗತಿ?"

"ಒಂದ ಗಾಡಿ ನೋಡೂಣ್ರಿ, ಮಾವಾರ. ಕೆಟ್ಟರ ಮುಂದಿನ ಮಾಲು ನೀವ ಹೇಳಿದಂಗ ಹೋಗ್ಲಿ."

ಹನ್ನೊಂದು ನೂರು ಬಾಕ್ಸ್ ಲಾರಿ ಏರಿದವು. ಗಾಡಿ ಹೊಡೆಯುವವನು ಹಾಲೇಶ. ಮುಗಳಖೋಡದ ಕುರಿಗಾರರ ಮನೆತನದವನು, ಬಂಗಾಳದ ದಾರಿಯನ್ನು ಕಣ್ಣು ಮುಚ್ಚಿ ಬಲ್ಲವನು. ಗಾಡಿ ನಾಲ್ಕನೆಯ ದಿನ ಗಡಿ ಮುಟ್ಟಿತು. ಅಲ್ಲಿ ಮುಂದೆ ಇನ್ನೂರು ಗಾಡಿಗಳ ಸಾಲು. ಮರುದಿನ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹಿಡಿಯಿತು.

ಇತ್ತ ಕಾಗವಾಡದಲ್ಲೂ ಹಣ್ಣು ಕಾಯುವಂತಿರಲಿಲ್ಲ. ಇನ್ನೂ ಮೂರು ಎಕರೆ ಕೊಯ್ಲಿಗೆ ನಿಂತಿತ್ತು. ಮಿರಜ್ ದಿಕ್ಕಿಗೆ ಮೋಡ ಕಟ್ಟುತ್ತಿತ್ತು. ಮಾಗಿದ ಹಣ್ಣಿನ ಮೇಲೆ ಒಂದು ಮಳೆ ಬಿದ್ದರೆ ಒಂದೊಂದು ಹಣ್ಣೂ ಬಿರಿಯುತ್ತದೆ. ಕೊಯ್ಯುವ ಹೆಂಗಸರ ಮುಂದಾಳು ಜನಾಬಾಯಿ ಕತ್ತರಿ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದಳು.

"ಏನ ಮಾಡೂಣು, ತಾಯಿ? ಕ್ರೇಟೋ, ಬಾಕ್ಸೋ? ಅಥಣಿ ತೋಟದವರು ಬೆಳಿಗ್ಗಿಂದ ಫೋನ್ ಮಾಡಾಕತ್ತಾರ. ಇಲ್ಲಿ ಕೆಲಸ ಇಲ್ಲಂದ್ರ ಅಲ್ಲಿಗೆ ಹೊಂಡ್ತೀವಿ."

"ಮಧ್ಯಾಹ್ನದ ಮಟ ತಡಿ, ಮಾವಶಿ. ಗಡಿಯಿಂದ ಗಾಡಿ ಸುದ್ದಿ ಬರ್ಲಿ."

ಅಷ್ಟರಲ್ಲಿ ಫೋನ್ ಬಂತು. ಹಾಲೇಶ. ವಿಡಿಯೋದಲ್ಲಿ ಲಾರಿಗೆ ಹೊದಿಸಿದ ತಾಡಪತ್ರಿಯ ಮೇಲೆ ಮಳೆ ಬಡಿಯುವ ಸದ್ದಿಗೆ ಅವನ ಮಾತು ಅರ್ಧ ಕೇಳಿಸುತ್ತಿರಲಿಲ್ಲ.

"ವೈನಿ, ಕೆಳಗಿನ ಎರಡ ಸಾಲು ಕುಂತಾವ್ರಿ. ತಳದಾಗ ನೀರ ಹೊಕ್ಕೈತಿ. ಮ್ಯಾಲಿನವು ಚಲೋ ಅದಾವು. ಆದ್ರ ಕೆಳಗಿನವು ಪೂರಾ ಕುಸದ್ರ ಎಲ್ಲಾ ಒಂದರ ಮ್ಯಾಲೊಂದು ಬೀಳ್ತಾವು."

"ನಿನ್ನ ಪಾಳಿ ಯಾವಾಗ?"

"ಇನ್ನ ಎರಡ ತಾಸಿಗೆ. ಇಳಿಸಿ ಮತ್ತ ಜೋಡಸಬೇಕಂದ್ರ ಸಾಲು ಬಿಡಬೇಕ್ರಿ. ಬಾಕ್ಸ್ ಕಮ್ಮಿ ಆದ್ರ ಕಾಗದಾನೂ ಹೊಸದು ಮಾಡಸಬೇಕು. ಏನಿಲ್ಲಂದ್ರೂ ಒಂದ ದಿನ ಹೋಗ್ತೈತಿ."

ಬಾಬಾಸಾಹೇಬರು ಪಕ್ಕದಲ್ಲೇ ನಿಂತು ಕೇಳುತ್ತಿದ್ದರು. "ಸಾಲು ಬಿಡಬ್ಯಾಡ ಅನ್ನು. ಗೇಟ್ ದಾಟಿ ಅವರ ಗಾಡಿಗೆ ಏರಿತಂದ್ರ ಮಾಲು ಅವರದು. ದಾರ್ಯಾಗ ಕೆಟ್ಟಿತೋ, ಅಲ್ಲಿ ಕೆಟ್ಟಿತೋ, ಯಾರ ಕಂಡಾರ?"

"ಅವರು ಕಾಣ್ತಾರ್ರಿ, ಮಾವಾರ. ಬಾಕ್ಸ್ ಬಿಚ್ಚಿದ ಕೂಡ್ಲೆ ಕಾಣ್ತಾರ."

"ಹನ್ನೆರಡ ವರ್ಷದಾಗ ನಾವೂ ಎಷ್ಟೋ ಲುಕ್ಸಾನ ನುಂಗೀವಿ. ಒಂದ ಸಲ ಅವರೂ ನುಂಗ್ಲಿ."

ಮಾವನ ಮಾತಿಗೆ ಎದುರಾಡಿ ಅವಳಿಗೆ ರೂಢಿಯಿರಲಿಲ್ಲ. ಆದರೆ ಅವಳ ಕಣ್ಣ ಮುಂದೆ ಬಂದದ್ದು ಬೇರೆ. ಒಂದೇ ಒಂದು ಒಡೆದ ಬಾಕ್ಸಿನ ಫೋಟೋ ಅಲ್ಲಿನ ಮಾರ್ಕೆಟ್ಟಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುವುದು. ಕಾಗವಾಡದ ಮಾಲೆಂದರೆ ಮೇಲೆ ಚಲೋ, ಕೆಳಗೆ ಕೊಳೆ ಎಂಬ ಮಾತು ಹುಟ್ಟುವುದು. ಮಾವನೆದುರೇ ಢಾಕಾಕ್ಕೆ ಫೋನ್ ಹಚ್ಚಿದಳು.

"ಚಾಚಾ, ಕೆಳಗಿನ ಎರಡು ಸಾಲು ಕೆಟ್ಟಿವೆ. ತಪ್ಪು ನಮ್ಮದು, ತಳಕ್ಕೆ ಏನೂ ಹಾಕಿರಲಿಲ್ಲ. ಅವನ್ನು ತೆಗೆದು ಉಳಿದದ್ದನ್ನು ಕಳಿಸುತ್ತೇನೆ. ಒಂದು ದಿನ ತಡವಾಗುತ್ತದೆ."

ಆ ಕಡೆ ಕಾಗದ ಮಗುಚುವ ಸದ್ದು ಕೇಳಿಸಿತು.

"ನಾಡಿದ್ದು ನಾನೇ ಗಡಿಗೆ ಬರುತ್ತೇನೆ" ಎಂದರು ರಫೀಕುಲ್. "ನೋಡುತ್ತೇನೆ. ತಗೊಳ್ಳುತ್ತೇನೆಂದು ಹೇಳುವುದಿಲ್ಲ." ಫೋನ್ ಇಟ್ಟುಬಿಟ್ಟರು.

ಬಾಬಾಸಾಹೇಬರು ಟೊಪ್ಪಿಗೆ ಸರಿಮಾಡಿಕೊಂಡು ಹೊರಗೆ ಹೋದರು. ಸೌಂದರ್ಯಾ ಹಾಲೇಶನಿಗೆ ಸಾಲು ಬಿಡಲು ಹೇಳಿದಳು. ಅವನು ಅಲ್ಲೇ ಒಂದು ಗೋದಾಮಿನ ಮಾಡಿನ ಕೆಳಗೆ ಗಾಡಿ ನಿಲ್ಲಿಸಿ, ನಾಲ್ಕು ಹಮಾಲರನ್ನು ಕಟ್ಟಿಕೊಂಡು ಅಷ್ಟೂ ಬಾಕ್ಸ್ ಇಳಿಸಿದ. ಹಲಗೆ ತಂದು ತಳಕ್ಕೆ ಹಾಸಿ, ಅದರ ಮೇಲೆ ಮತ್ತೆ ಏರಿಸಿದ. ಇನ್ನೂರ ನಲವತ್ತು ಬಾಕ್ಸ್ ಹೊರಗುಳಿದವು. ಅಲ್ಲಿನ ಸಂತೆಯಲ್ಲಿ ಸಿಕ್ಕಷ್ಟಕ್ಕೆ ಕೊಟ್ಟ.

ಆ ಎರಡು ದಿನ ಸೌಂದರ್ಯಾ ಕೊಯ್ಲು ಶುರು ಮಾಡಿಸಲಿಲ್ಲ. ಜನಾಬಾಯಿಯ ಹೆಂಗಸರು ಅಥಣಿಯ ಗಾಡಿ ಹತ್ತಿಬಿಟ್ಟರು. ತೋಟದಲ್ಲಿ ಗೊಂಚಲುಗಳು ಬಣ್ಣ ತಿರುಗಿ ಹಳದಿಗೆ ಹೊರಳುತ್ತಿದ್ದವು. ಮೋಡ ಮಾತ್ರ ಪುಣ್ಯಕ್ಕೆ ಕೃಷ್ಣೆಯ ಆಚೆಗೇ ನಿಂತಿತ್ತು.

ಮೂರನೆಯ ದಿನ ಮಧ್ಯಾಹ್ನ ಹಾಲೇಶ ಫೋನಿನಲ್ಲಿ ಕೂಗಿದ. "ದಾಟಿತ್ರಿ, ವೈನಿ! ಚಾಚಾ ಕೊಡೆ ಹಿಡಕೊಂಡು ನಿಂತ ಮೂವತ್ತ ಬಾಕ್ಸ್ ಬಿಚ್ಚಸ್ಯಾರ. ಹಮಾಲರು ಒಗ್ಯಾಕ ಹೋದ್ರ ಬೈದ ಬೈದ ಮೆತ್ತಗ ಇಡಸ್ಯಾರ."

ಸಂಜೆಗೆ ರಫೀಕುಲ್ ಅವರ ಫೋನೇ ಬಂತು. "ಸುಂಕ ಉಳಿಯಿತು, ಬೇಟಿ. ಆದರೆ ಐದು ಗಾಡಿ ಎಂದಿದ್ದೆನಲ್ಲ, ಇನ್ನು ಎರಡೇ ಸಾಕು. ಹಡಗಿನ ಹಣ್ಣಿಗೂ ಮಾತು ಕೊಟ್ಟಾಗಿದೆ. ಈ ಎರಡು ನೆಟ್ಟಗೆ ಬಂದರೆ ಮುಂದಿನ ವರ್ಷದ ಮಾತು."

ಅವಳು ಮಾವನಿಗೆ ಇದ್ದದ್ದು ಇದ್ದಂತೆ ಹೇಳಿದಳು. ಬಾಬಾಸಾಹೇಬರು ತೋಟದ ಕಡೆ ನೋಡಿದರು.

"ಮೂರ ಗಾಡಿ ಹೋತು."

"ಹೋತ್ರಿ."

"ಹಣ್ಣ ಹಳದಿ ತಿರಗೇತಿ, ಒಣದ್ರಾಕ್ಷಿಗೆ ಚಲೋ ಆಗ್ತೈತಿ. ಒಂದೂವರಿ ಎಕರೆ ಅದಕ್ಕ ಕೊಡೂಣು. ಅಥಣಿ ಒಣಗಸೂ ಶೆಡ್ಡಿನವನಿಗೆ ನಾ ಹೇಳ್ತೀನಿ." ಎದ್ದು ನಿಂತವರು ಬಾಗಿಲ ಹತ್ತಿರ ತಿರುಗಿದರು. "ಉಳದ ಎರಡ ಗಾಡಿಗೆ ಹಲಗಿ ನಾ ತರತೀನಿ. ಹಸಿ ಕಟಗಿ ತರಬ್ಯಾಡ ನೀ. ಅದರ ನೀರ ಬಾಕ್ಸಿಗೆ ಏರ್ತೈತಿ."

ಸೌಂದರ್ಯಾ ಜನಾಬಾಯಿಯ ನಂಬರ್ ಒತ್ತಿದಳು. "ಮಾವಶಿ, ನಾಳೆ ಹೊತ್ತ ಮೂಡೂದಕ್ಕ ಬರ್ರಿ. ಕೊಯ್ಲು ಶುರು ಮಾಡೂಣು."